ದನದ ಟಿಬಿ ಪತ್ತೆಗೆ ಗಾಮಾ ಇಂಟರ್‌ಫೆರಾನ್ ಕಿಟ್: ದಾವಣಗೆರೆ, ಚಿತ್ರದುರ್ಗಕ್ಕೆ ಎಷ್ಟು ಹೊಂದುತ್ತದೆ?

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಿಟ್ ಚೆನ್ನಾಗಿದೆ. ಆದರೆ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಇದನ್ನು ತರಿಸುವವರು ಅದಕ್ಕೂ ಮುಂಚೆ 37 ಡಿಗ್ರಿಯ ಒಂದು ಇನ್‌ಕ್ಯುಬೇಟರ್, ಅದಕ್ಕೊಂದು ಯುಪಿಎಸ್ ತರಿಸಿಕೊಳ್ಳಬೇಕು. ಹಸಿ ರಕ್ತವನ್ನು ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸುವ ಪದ್ಧತಿಗೆ ಐದರಲ್ಲಿ ಎರಡು ಅಂಕ ಕೊಡಬಹುದು. ರಕ್ತದ ಕೆಲಸವನ್ನು ಜಿಲ್ಲೆಯಲ್ಲೇ ಮುಗಿಸಿ ಪ್ಲಾಸ್ಮಾ, ಅಂದರೆ ಕಣ ಬಿಟ್ಟ ರಕ್ತದ ತಿಳಿ, ಮಾತ್ರ ಕಳಿಸಿದರೆ ನಾಲ್ಕು. ಕಿಟ್ ಎರಡು ಕಡೆಯೂ ಅದೇ. ಕೊಟ್ಟಿಗೆಯಿಂದ ಇನ್‌ಕ್ಯುಬೇಟರ್‌ವರೆಗಿನ ಆರೆಂಟು ಗಂಟೆ ರಕ್ತ ಹೇಗಿತ್ತು ಅನ್ನುವುದರ ಮೇಲೆ ಫಲಿತಾಂಶ ನಿಂತಿದೆ.

ಕಿಟ್ ಮಾಡುವ ಕೆಲಸ ಇಷ್ಟು. ಟಿಬಿ ರೋಗಾಣು ಹೊಕ್ಕ ಹಸುವಿನ ರಕ್ತದಲ್ಲಿ ಆ ರೋಗಾಣುವನ್ನು ನೆನಪಿಟ್ಟುಕೊಂಡ ಟಿ ಕಣಗಳು ಓಡಾಡುತ್ತಿರುತ್ತವೆ. ರೋಗಾಣುವಿನಿಂದ ತೆಗೆದ ಪ್ರೋಟೀನ್ ಸಾರವಾದ ಟ್ಯೂಬರ್ಕ್ಯುಲಿನ್, ಅಂದರೆ ಪಿಪಿಡಿ, ಸೋಕಿದ ಕೂಡಲೇ ಅವು ಗಾಮಾ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಬಿಡುತ್ತವೆ. ಮೊದಲ ದಿನ ರಕ್ತಕ್ಕೆ ಪಿಪಿಡಿ ಹಾಕಿ ರಾತ್ರಿಯಿಡೀ 37 ಡಿಗ್ರಿಯಲ್ಲಿಡುವುದು, ಎರಡನೇ ದಿನ ಬಿಟ್ಟ ಇಂಟರ್‌ಫೆರಾನ್ ಎಷ್ಟೆಂದು ಬಣ್ಣದ ಗಾಢತೆ ನೋಡುವ ಎಲೈಸಾ ಪರೀಕ್ಷೆಯಲ್ಲಿ ಅಳೆಯುವುದು. ಆಸ್ಟ್ರೇಲಿಯಾದಲ್ಲಿ 1980ರ ದಶಕದ ಕೊನೆಗೆ ರೂಪುಗೊಂಡ ಪದ್ಧತಿ ಇದು. ಬೋವಿಗಾಮ್ ಎಂಬ ಹೆಸರಿನಲ್ಲಿ ಬರುವ ಕಿಟ್ ಹೆಚ್ಚು ಪರಿಚಿತ. ಹಸು, ಎಮ್ಮೆ ಎರಡಕ್ಕೂ ನಡೆಯುತ್ತದೆ.

ಇದನ್ನು ತೂಗಬೇಕಾದದ್ದು ಚರ್ಮ ಪರೀಕ್ಷೆಯ ಎದುರಿಗೆ, ಯಾಕೆಂದರೆ ಇವತ್ತಿಗೂ ಹಳ್ಳಿಯ ಕೊಟ್ಟಿಗೆಯಲ್ಲಿ ನಡೆಯುವುದು ಅದೇ. ಕುತ್ತಿಗೆಯ ಮಧ್ಯಭಾಗದಲ್ಲಿ ಎರಡು ಕಡೆ ಕೂದಲು ಕತ್ತರಿಸಿ, ಚರ್ಮವನ್ನು ಮಡಿಸಿ ಹಿಡಿದು ಕ್ಯಾಲಿಪರ್‌ನಲ್ಲಿ ದಪ್ಪ ಅಳೆದು ಬರೆದುಕೊಳ್ಳಬೇಕು. ಮೇಲಿನ ಜಾಗಕ್ಕೆ ಏವಿಯನ್ (ಹಕ್ಕಿ ಟಿಬಿ ರೋಗಾಣುವಿನ) ಪಿಪಿಡಿ, ಅದರಿಂದ 12ರಿಂದ 15 ಸೆಂಟಿಮೀಟರ್ ಕೆಳಗೆ ಬೊವೈನ್ (ದನದ ಟಿಬಿ ರೋಗಾಣುವಿನ) ಪಿಪಿಡಿ, ತಲಾ 0.1 ಮಿಲಿಲೀಟರ್. ಬೊವೈನ್ ಪಿಪಿಡಿ ಡೋಸಿಗೆ 2,000 ಅಂತರರಾಷ್ಟ್ರೀಯ ಯೂನಿಟ್ ಇರಬೇಕು. ಸೂಜಿ ಚರ್ಮದ ಪದರದೊಳಗೇ ನಿಂತಿದ್ದರೆ ಬೆರಳಿಗೆ ಬಟಾಣಿ ಕಾಳಿನಂಥ ಗಂಟು ಸಿಗುತ್ತದೆ. ಗಂಟು ಸಿಗಲಿಲ್ಲವೆಂದರೆ ಔಷಧ ಚರ್ಮದ ಕೆಳಗೆ ಜಾರಿದೆ, ಆ ಪರೀಕ್ಷೆ ಲೆಕ್ಕಕ್ಕಿಲ್ಲ. 72 ಗಂಟೆಗೆ, ಹೆಚ್ಚುಕಡಿಮೆ ಆರು ಗಂಟೆಯೊಳಗೆ, ಅದೇ ಕೈ ಅದೇ ಕ್ಯಾಲಿಪರ್‌ನಲ್ಲಿ ಮತ್ತೆ ಅಳೆಯಬೇಕು. ಬೊವೈನ್ ಜಾಗ 7.5 ಮಿಲಿಮೀಟರ್ ಇದ್ದದ್ದು 13.5 ಆಗಿ, ಏವಿಯನ್ ಜಾಗ 7ರಿಂದ 8.5ಕ್ಕೆ ಬಂತು ಅನ್ನಿ: ಏರಿಕೆ 6 ಮತ್ತು 1.5, ವ್ಯತ್ಯಾಸ 4.5. ನಾಲ್ಕು ಮಿಲಿಮೀಟರ್ ದಾಟಿದರೆ ಪಾಸಿಟಿವ್, ಒಂದರಿಂದ ನಾಲ್ಕರವರೆಗೆ ಅನುಮಾನ.

ಚರ್ಮ ಪರೀಕ್ಷೆ ಕೆಡುವುದು ಹೆಚ್ಚಾಗಿ ಎರಡನೇ ಭೇಟಿಯಲ್ಲಿ. ಸೋಮವಾರ ಚುಚ್ಚಿದ ಹಸುವನ್ನು ಗುರುವಾರ ನೋಡಲೇಬೇಕು. ಅಷ್ಟರಲ್ಲಿ ಹಸು ಮೇವಿಗೆ ಕಾವಲಿಗೆ ಹೋಗಿರುತ್ತದೆ, ಸಂತೆಗೆ ಹೋಗಿರುತ್ತದೆ, ಇಲ್ಲವೇ ಹೊಸಬರು ಬಂದು ಕ್ಯಾಲಿಪರ್ ಬಿಟ್ಟು ಬರಿಗಣ್ಣಲ್ಲಿ ನೋಡಿ ‘ಇಲ್ಲ’ ಅಂತ ಬರೆದಿರುತ್ತಾರೆ. ಗಾಮಾ ಕಿಟ್ಟಿನ ದೊಡ್ಡ ಲಾಭ ಇಲ್ಲಿದೆ: ಹಸುವನ್ನು ಮುಟ್ಟುವುದು ಒಂದೇ ಸಲ. ಫಲಿತಾಂಶ ಅನುಮಾನವಾದರೆ ಚರ್ಮ ಪರೀಕ್ಷೆಯ ಹಾಗೆ ಆರೆಂಟು ವಾರ ಕಾಯದೆ ಮತ್ತೆ ರಕ್ತ ತೆಗೆಯಬಹುದು. ಸೋಂಕು ಹೊಕ್ಕ ಮೊದಲ ವಾರಗಳಲ್ಲೇ ಹಿಡಿಯುವ ಗುಣವೂ ಇದಕ್ಕೆ ಹೆಚ್ಚು.

ಈಗ ರಕ್ತ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬೇ ಆಗಬೇಕು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ತಂದ ರಕ್ತವನ್ನು ಹಾಗೇ ಚೆಲ್ಲಿ. ಇಡಿಟಿಎ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಕ್ಯಾಲ್ಸಿಯಂ ಇಲ್ಲದೆ ಟಿ ಕಣ ಎಚ್ಚರವಾಗುವುದೇ ಇಲ್ಲ, ಎಂಥಾ ರೋಗದ ಹಸುವೂ ನೆಗೆಟಿವ್ ಬರುತ್ತದೆ. ಒಂದು ಹಸುವಿಗೆ ಮೂರು ಬಾವಿ (ಲ್ಯಾಬ್ ತಟ್ಟೆಯ ಪುಟ್ಟ ಗುಳಿ), ಒಂದೊಂದಕ್ಕೆ 1.5 ಮಿಲಿಲೀಟರ್, ಅಂದರೆ 4.5 ಬೇಕೇ ಬೇಕು. 10 ಮಿಲಿಲೀಟರ್ ಟ್ಯೂಬ್ ತುಂಬಿಸಿಕೊಂಡರೆ ನೆಮ್ಮದಿ. ಕುತ್ತಿಗೆಯ ನರದಿಂದಲೂ ತೆಗೆಯಬಹುದು, ಬಾಲದ ನರದಿಂದಲೂ ತೆಗೆಯಬಹುದು. ತೆಗೆದ ಮರುಕ್ಷಣ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿ. ಐದಾರು ಹಸುವಿನ ರಕ್ತ ತೆಗೆದ ಮೇಲೆ ಒಟ್ಟಿಗೆ ಅಲ್ಲಾಡಿಸೋಣ ಅಂದುಕೊಂಡರೆ ಮೊದಲಿನ ಎರಡು ಟ್ಯೂಬಿನಲ್ಲಿ ಹೆಪ್ಪು ಗ್ಯಾರಂಟಿ. ಜೋರಾಗಿ ಕುಲುಕಿದರೆ ಕೆಂಪು ಕಣ ಒಡೆದು ಪ್ಲಾಸ್ಮಾ ಕೆಂಪಾಗುತ್ತದೆ. ಕರು ಹಾಕಿದ ಮೊದಲ ನಾಲ್ಕಾರು ವಾರದ ಹಸು, ಇತ್ತೀಚೆಗೆ ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್ ಚುಚ್ಚಿಸಿಕೊಂಡ ಹಸು, ಎಲುಬು ಕಾಣುವಷ್ಟು ಸೊರಗಿದ ಹಸು, ಇವುಗಳ ನೆಗೆಟಿವ್ ಅನ್ನು ನಂಬಬೇಡಿ. ಟ್ಯೂಬಿನ ಚೀಟಿಯಲ್ಲಿ ಕಿವಿಯೋಲೆ ಸಂಖ್ಯೆ, ರಕ್ತ ತೆಗೆದ ಗಂಟೆ ಎರಡೂ ಇರಬೇಕು. ತಾರೀಖು ಬರೆದು ಗಂಟೆ ಬಿಟ್ಟ ಟ್ಯೂಬಿನಿಂದ ಲ್ಯಾಬಿನವರಿಗೆ ಏನೂ ತಿಳಿಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಸಾಗಣೆಯಲ್ಲಿ. ರಕ್ತ ಇರಬೇಕಾದದ್ದು 22 ಡಿಗ್ರಿಯ ಆಸುಪಾಸು, ಮೂರು ಡಿಗ್ರಿ ಹೆಚ್ಚುಕಡಿಮೆ. ಲಸಿಕೆ ಸಾಗಿಸಿ ರೂಢಿಯಾದ ಕೈಗೆ ಐಸ್ ಇಡುವುದೇ ಅಭ್ಯಾಸ, ಇಲ್ಲಿ ಅದೇ ಮುಳುವು. ಟ್ಯೂಬ್ ಜೆಲ್ ಪ್ಯಾಕಿಗೆ ತಾಗಿಕೊಂಡು ತಣ್ಣಗಾದರೆ ಕಣಗಳು ಮಂಕಾಗುತ್ತವೆ, ಮತ್ತೆ ಬೆಚ್ಚಗೆ ಮಾಡಿದರೂ ಮೊದಲಿನಂತೆ ಸ್ಪಂದಿಸುವುದಿಲ್ಲ. ಇನ್ನೊಂದು ತುದಿಗೆ, ಏಪ್ರಿಲ್ ಮಧ್ಯಾಹ್ನ ಚಳ್ಳಕೆರೆ ಕಡೆಯಿಂದಲೋ ಜಗಳೂರಿನಿಂದಲೋ ಬೈಕಿನ ಡಬ್ಬಿಯಲ್ಲಿ ತಂದ ರಕ್ತ ಬೇಯದೆ ಉಳಿದರೆ ಅದೇ ದೊಡ್ಡದು. ದಪ್ಪ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತಣ್ಣನೆ ನೀರು ತುಂಬಿದ ಎರಡು ಲೀಟರಿನ ಎರಡು ಬಾಟಲಿ, ನಡುವೆ ಬಟ್ಟೆಯಲ್ಲಿ ಸುತ್ತಿದ ಟ್ಯೂಬ್ ಸ್ಟ್ಯಾಂಡ್, ಮೇಲೊಂದು ಡಿಜಿಟಲ್ ಥರ್ಮಾಮೀಟರ್, ಇಷ್ಟು ಸಾಕು. ನಮ್ಮ ಬಯಲುಸೀಮೆಯ ಒಣಹವೆಯಲ್ಲಿ ನೆರಳಲ್ಲಿಟ್ಟ ಮಡಕೆಯ ನೀರು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬಾಟಲಿ ತುಂಬುವ ಮುಂಚೆ ಥರ್ಮಾಮೀಟರ್ ಅದ್ದಿ ನೋಡಿ, 20ರಿಂದ 22 ಇದ್ದರೆ ಹಾಗೇ ತುಂಬಿ, ಹೆಚ್ಚಿದ್ದರೆ ಫ್ರಿಜ್ಜಿನ ನೀರು ಬೆರೆಸಿ.

ಇನ್ನು ಸಮಯ. ರಕ್ತ ತೆಗೆದ ಎಂಟು ಗಂಟೆಯೊಳಗೆ ಪಿಪಿಡಿ ಸೇರಬೇಕು. ಹೊತ್ತು ಕಳೆದಂತೆ ಇಂಟರ್‌ಫೆರಾನ್ ಕಡಿಮೆಯಾಗುತ್ತಾ ಹೋಗುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ ಸುಮಾರು 200. ಹೆದ್ದಾರಿ ಚೆನ್ನಾಗಿದೆ, ಕಾಗದದ ಮೇಲೆ ಎಂಟು ಗಂಟೆಗೆ ಸಲೀಸು. ಆದರೆ ಬೆಳಗಿನ ಹಾಲು ಕರೆದು ಮುಗಿಯುವ ತನಕ ಹಸು ಕೈಗೆ ಸಿಗುವುದಿಲ್ಲ, ಹಳ್ಳಿಯಿಂದ ಪಟ್ಟಣಕ್ಕೆ ಬರಬೇಕು, ಬಸ್ಸಿಗೆ ಪಾರ್ಸೆಲ್ ಕೊಡಬೇಕು, ಆ ಕಡೆ ಯಾರಾದರೂ ಇಳಿಸಿಕೊಳ್ಳಬೇಕು, ಲ್ಯಾಬ್ ಮುಚ್ಚುವುದರೊಳಗೆ ತಲುಪಬೇಕು. ಸಂಜೆ ತಲುಪಿದ ರಕ್ತ ಮರುದಿನ ಬೆಳಿಗ್ಗೆ ಬಾವಿಗೆ ಬೀಳುತ್ತದೆ. ಆ ಫಲಿತಾಂಶದಲ್ಲಿ ಪಾಸಿಟಿವ್ ಬಂದದ್ದನ್ನು ಒಪ್ಪಬಹುದು, ನೆಗೆಟಿವ್ ಬಂದದ್ದಕ್ಕೆ ಬೆಲೆ ಕಡಿಮೆ. ಆದ್ದರಿಂದಲೇ ಇನ್‌ಕ್ಯುಬೇಟರ್ ಜಿಲ್ಲೆಯಲ್ಲಿರಬೇಕು ಎಂಬ ಒತ್ತಾಯ.

ಮೊದಲ ಹಂತಕ್ಕೆ ದೊಡ್ಡ ಲ್ಯಾಬ್ ಏನೂ ಬೇಕಿಲ್ಲ. 24 ಬಾವಿಯ ಸ್ಟೆರೈಲ್ ತಟ್ಟೆ, ಮೈಕ್ರೋಪಿಪೆಟ್, ಇನ್‌ಕ್ಯುಬೇಟರ್, ಒಂದು ಡೀಪ್ ಫ್ರೀಜರ್. ಟ್ಯೂಬನ್ನು ಮತ್ತೊಮ್ಮೆ ಮೆಲ್ಲಗೆ ಕಲಸಿ, ಪ್ರತಿ ಬಾವಿಗೆ 1.5 ಮಿಲಿಲೀಟರ್ ರಕ್ತ ಹಾಕಿ. ಮೊದಲ ಬಾವಿಗೆ 100 ಮೈಕ್ರೋಲೀಟರ್ ಬರಿಯ ಬಫರ್ (ಪಿಪಿಡಿ ಇಲ್ಲದ ದ್ರಾವಣ), ಎರಡನೆಯದಕ್ಕೆ ಅಷ್ಟೇ ಏವಿಯನ್ ಪಿಪಿಡಿ, ಮೂರನೆಯದಕ್ಕೆ ಬೊವೈನ್ ಪಿಪಿಡಿ. ಸಾಧ್ಯವಿದ್ದರೆ ನಾಲ್ಕನೇ ಬಾವಿಯೊಂದನ್ನು ಟಿ ಕಣವನ್ನು ಕೆರಳಿಸುವ ಗಿಡದ ಸಾರವಾದ ಪೋಕ್‌ವೀಡ್ ಮೈಟೋಜೆನ್‌ಗೆ ಮೀಸಲಿಡಿ. ರೋಗ ಇರಲಿ ಬಿಡಲಿ, ಜೀವಂತ ರಕ್ತವಾದರೆ ಮೈಟೋಜೆನ್‌ಗೆ ಇಂಟರ್‌ಫೆರಾನ್ ಬಿಟ್ಟೇ ಬಿಡುತ್ತದೆ. ಮೂರು ಬಾವಿಯ ಲೆಕ್ಕದಲ್ಲಿ ತಟ್ಟೆಗೆ ಎಂಟು ಹಸು, ನಾಲ್ಕಾದರೆ ಆರು. ಎರಡು ಹಸು ಕಡಿಮೆಯಾಗುತ್ತದೆಂದು ಮೈಟೋಜೆನ್ ಕೈಬಿಡುವುದು ನಮ್ಮ ಬಿಸಿಲಿಗೆ ಒಗ್ಗದ ಉಳಿತಾಯ.

ಉತ್ತೇಜನದ ಪಿಪಿಡಿಯನ್ನು ಹಲವು ಸಲ ಕಿಟ್‌ನಿಂದ ಬೇರೆಯಾಗಿ ತರಿಸಬೇಕಾಗುತ್ತದೆ, ಕೊಳ್ಳುವ ಮುಂಚೆ ಪಟ್ಟಿ ನೋಡಿ. ಅದು ಬರಲಿಲ್ಲವೆಂದು ಫ್ರಿಜ್ಜಿನಲ್ಲಿರುವ ಚರ್ಮ ಪರೀಕ್ಷೆಯ ಸೀಸೆಯನ್ನೇ ಬಾವಿಗೆ ಸುರಿಯಬೇಡಿ. ಚುಚ್ಚುವ ಪಿಪಿಡಿಯಲ್ಲಿ ಕೆಡದಿರಲೆಂದು ಫೀನಾಲ್ ಹಾಕಿರುತ್ತಾರೆ, ರಕ್ತಕಣಕ್ಕೆ ಅದು ಆಗದು.

ಎಲ್ಲ ಹಾಕಿದ ಮೇಲೆ ತಟ್ಟೆಯನ್ನು ಮೇಜಿನ ಮೇಲೇ ಇಟ್ಟು ಸಣ್ಣಗೆ ವೃತ್ತಾಕಾರವಾಗಿ ತಿರುಗಿಸಿ. ಮುಚ್ಚಳಕ್ಕೆ ರಕ್ತ ಹತ್ತಿದರೆ ಪಕ್ಕದ ಬಾವಿಗೆ ಬೆರೆತ ಹಾಗೆಯೇ. ಆಮೇಲೆ 37 ಡಿಗ್ರಿಯಲ್ಲಿ 16ರಿಂದ 24 ಗಂಟೆ. ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್ ಇಲ್ಲದಿದ್ದರೂ ನಡೆಯುತ್ತದೆ, ತೇವ ಮಾತ್ರ ಬೇಕು. ಕೆಳಗಿನ ಶೆಲ್ಫಿನಲ್ಲಿ ಒಂದು ಅಗಲ ಟ್ರೇಯಲ್ಲಿ ನೀರಿಡಿ. ರಾತ್ರಿ ಮೂರು ತಾಸು ಕರೆಂಟು ಹೋದರೆ ಒಳಗಿನ ಶಾಖ ಇಳಿದು ಇಂಟರ್‌ಫೆರಾನ್ ಕಡಿಮೆ ಬರುತ್ತದೆ. ಬೆಳಿಗ್ಗೆ ಡಿಸ್‌ಪ್ಲೇ ಮತ್ತೆ 37 ತೋರಿಸುತ್ತಿರುತ್ತದಾದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕನಿಷ್ಠ–ಗರಿಷ್ಠ ನೆನಪಿಡುವ ಥರ್ಮಾಮೀಟರ್ ಒಳಗಿರಲಿ. ಭಾನುವಾರ ಬಾಗಿಲು ತೆರೆಯುವವರಿಲ್ಲದಿದ್ದರೆ ಶನಿವಾರ ರಕ್ತ ತೆಗೆಯಲೇಬೇಡಿ.

ಮರುದಿನ ಕೆಂಪು ಕಣ ತಳದಲ್ಲಿ ಕೂತು ಮೇಲೆ ಹುಲ್ಲುಹಳದಿ ಪ್ಲಾಸ್ಮಾ ನಿಂತಿರುತ್ತದೆ. ಪಿಪೆಟ್ಟಿನ ತುದಿ ಕೆಂಪಿಗೆ ಮುಟ್ಟದಂತೆ 400ರಿಂದ 500 ಮೈಕ್ರೋಲೀಟರ್ ಎಳೆದುಕೊಂಡು ಗುರುತು ಬರೆದ ಟ್ಯೂಬಿಗೆ ಹಾಕಿ ಮೈನಸ್ 20ಕ್ಕೆ ಇಡಿ. ಇಲ್ಲಿಗೆ ಅವಸರ ಮುಗಿಯಿತು. ಟಿ ಕಣಕ್ಕೆ ಜೀವ ಬೇಕಿತ್ತು, ಇಂಟರ್‌ಫೆರಾನ್‌ಗೆ ಬೇಕಿಲ್ಲ. ಫ್ರೀಜ್ ಆದ ಪ್ಲಾಸ್ಮಾವನ್ನು ಮುಂದಿನ ವಾರ ಬೇಕಾದರೆ ಐಸ್ ಪೆಟ್ಟಿಗೆಯಲ್ಲಿ ಎಷ್ಟು ದೂರಕ್ಕಾದರೂ ಕಳಿಸಬಹುದು. ಮೊದಲ ಪ್ಯಾರಾದ ಎರಡು ಅಂಕ ನಾಲ್ಕಾಗುವುದು ಈ ಒಂದು ಹೆಜ್ಜೆಯಲ್ಲಿ. 96 ಬಾವಿಯ ಎಲೈಸಾ ತಟ್ಟೆಯಲ್ಲಿ ಕಂಟ್ರೋಲ್‌ಗೆ ಆರು ಬಿಟ್ಟರೆ ಮೂರು ಬಾವಿಯ ಲೆಕ್ಕದಲ್ಲಿ 30 ಹಸುವಿಗೆ ಜಾಗ, ಮೈಟೋಜೆನ್ ಸೇರಿದರೆ 22. ಅಷ್ಟು ಹಸುವಿನ ಲೆಕ್ಕ ತುಂಬುವ ತನಕ ಪ್ಲಾಸ್ಮಾ ಕಾಯುತ್ತದೆ, ಐದು ಹಸುವಿಗಾಗಿ ಹೊಸ ತಟ್ಟೆ ಬಿಚ್ಚಬೇಕಿಲ್ಲ.

ಎಲೈಸಾ ಮಾಡುವ ಕೈಗೆ ಎರಡನೇ ಹಂತದಲ್ಲಿ ಹೊಸದೇನೂ ಇಲ್ಲ. ಫ್ರಿಜ್ಜಿನಿಂದ ತೆಗೆದ ರಿಯೇಜೆಂಟ್ ಕೋಣೆಯ ಶಾಖಕ್ಕೆ ಬರದೆ ಶುರು ಮಾಡಬೇಡಿ. ತೊಳೆಯುವ ಸುತ್ತು ಆರು ಅಂದರೆ ಆರೇ, ನಾಲ್ಕಕ್ಕೆ ನಿಲ್ಲಿಸಿದರೆ ಎಲ್ಲ ಬಾವಿಯೂ ಬಣ್ಣ ತಾಳುತ್ತದೆ. ಸಬ್‌ಸ್ಟ್ರೇಟ್ ಹಾಕಿದ ಮೇಲೆ ಕತ್ತಲು, ನಿಲ್ಲಿಸುವ ದ್ರಾವಣ ಹಾಕಿದ ಐದು ನಿಮಿಷದೊಳಗೆ 450 ನ್ಯಾನೋಮೀಟರಿನಲ್ಲಿ ಓದು.

ಓದಿದ ಅಂಕಿಯನ್ನು ಬಿಡಿಸುವುದರಲ್ಲಿ ನಿಧಾನ ಬೇಕು. ಬೊವೈನ್ ಬಾವಿಯ ಓದು ಬಫರ್ ಬಾವಿಗಿಂತ 0.1 ಹೆಚ್ಚಿರಬೇಕು, ಏವಿಯನ್ ಬಾವಿಗಿಂತಲೂ 0.1 ಹೆಚ್ಚಿರಬೇಕು. ಎರಡೂ ಕೂಡಿದರೆ ಪಾಸಿಟಿವ್. ಉದಾಹರಣೆಗೆ ಬಫರ್ 0.08, ಏವಿಯನ್ 0.21, ಬೊವೈನ್ 0.46 ಬಂದರೆ ವ್ಯತ್ಯಾಸ 0.38 ಮತ್ತು 0.25, ಅನುಮಾನಕ್ಕೆ ಎಡೆಯಿಲ್ಲ. ಬಫರ್ 0.07, ಏವಿಯನ್ 0.52, ಬೊವೈನ್ 0.35 ಬಂದರೆ ಹಸು ಏನನ್ನೋ ಕಂಡಿದೆ, ಆದರೆ ಏವಿಯನ್ ಗುಂಪಿನ ರೋಗಾಣು ಕಡೆಗೆ ವಾಲಿದೆ. ಬಫರ್, ಏವಿಯನ್, ಬೊವೈನ್ ಮೂರೂ 0.07, 0.08 ಇದ್ದು ಮೈಟೋಜೆನ್ ಬಾವಿಯೂ 0.10 ತೋರಿಸಿದರೆ? ಇದನ್ನು ನೆಗೆಟಿವ್ ಎಂದು ವರದಿ ಮಾಡಿದರೆ ಮಹಾ ತಪ್ಪು. ಆ ರಕ್ತ ದಾರಿಯಲ್ಲೇ ಸತ್ತಿದೆ, ಮತ್ತೆ ತರಿಸಿ. ಬಫರ್ ಬಾವಿಯೇ 0.40 ಇದ್ದರೂ ಅಷ್ಟೇ, ಮರುಪರೀಕ್ಷೆ. ವರದಿ ತರಿಸಿಕೊಳ್ಳುವವರು ‘ಪಾಸಿಟಿವ್, ನೆಗೆಟಿವ್’ ಎಂಬ ಪದಕ್ಕೆ ತೃಪ್ತರಾಗದೆ ನಾಲ್ಕೂ ಅಂಕಿ ಕೇಳಿ ಪಡೆಯಬೇಕು. ಅಂಕಿ ಕೊಡದ ಸೇವೆಗೆ ದುಡ್ಡು ಕೊಡಬೇಡಿ.

ಏವಿಯನ್ ಕಡೆಗೆ ವಾಲುವ ಸಮಸ್ಯೆ ನಮ್ಮಲ್ಲಿ ಸಣ್ಣದಲ್ಲ. ಕುರಿ ಮಂದೆ, ದನ ಒಂದೇ ಕಾವಲಿನಲ್ಲಿ ಮೇದು ಒಂದೇ ಗೋಕಟ್ಟೆಯಲ್ಲಿ ನೀರು ಕುಡಿಯುವ ಸೀಮೆ ಇದು. ಬಿಡದೆ ಕಾಡುವ ಕರುಳಿನ ರೋಗವಾದ ಜೋನ್ಸ್ ರೋಗದ ರೋಗಾಣುವೂ ಏವಿಯನ್ ಗುಂಪಿನದೇ, ಕುರಿಗೂ ಬರುತ್ತದೆ ದನಕ್ಕೂ ಬರುತ್ತದೆ. ಎರಡೂ ರೋಗ ಒಂದೇ ಹಸುವಿನಲ್ಲಿದ್ದರೆ ಏವಿಯನ್ ಓದು ಏರಿ ಟಿಬಿಯನ್ನು ಮುಚ್ಚಿಹಾಕುತ್ತದೆ. ಇದಕ್ಕೆ ಪರಿಹಾರ ಇಸ್ಯಾಟ್-6, ಸಿಎಫ್‌ಪಿ-10 ಎಂಬ ಎರಡು ಪ್ರೋಟೀನಿನ ಪೆಪ್ಟೈಡ್ (ಸಣ್ಣ ತುಣುಕು) ಮಿಶ್ರಣ. ಇವು ಜೋನ್ಸ್ ರೋಗಾಣುವಿನಲ್ಲೂ ಇಲ್ಲ, ಬಿಸಿಜಿ ಲಸಿಕೆಯಲ್ಲೂ ಇಲ್ಲ. ಪಿಪಿಡಿ ಜೊತೆಗೆ ಇನ್ನೊಂದು ಬಾವಿಗೆ ಇದನ್ನು ಹಾಕಿದರೆ ಗೊಂದಲ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ. ಕುರಿ ಒಡನಾಟದ ಹಿಂಡಿಗೆ ಕಿಟ್ ತರಿಸುವಾಗ ಪೆಪ್ಟೈಡನ್ನೂ ಸೇರಿಸಿಯೇ ತರಿಸಿ.

ನಿಖರತೆಯ ಬಗ್ಗೆ ಮಾರುವವರ ಮಾತಿಗಿಂತ ಲೆಕ್ಕ ನೋಡುವುದು ಮೇಲು. 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಾಮರ್ಶೆಯಲ್ಲಿ ಈ ಪರೀಕ್ಷೆ ರೋಗವಿದ್ದ ದನಗಳಲ್ಲಿ 87.6 ಶೇಕಡಾ ಹಿಡಿದಿತ್ತು, ರೋಗವಿಲ್ಲದವುಗಳಲ್ಲಿ 96.6 ಶೇಕಡಾವನ್ನು ಸರಿಯಾಗಿ ಬಿಟ್ಟಿತ್ತು. ಇವು ಹಲವು ಅಧ್ಯಯನಗಳ ಮಧ್ಯದ ಅಂಕಿ. ನೂರು ಹಸುವಿನ ಹಿಂಡಿನಲ್ಲಿ ಎರಡಕ್ಕೆ ಮಾತ್ರ ರೋಗ ಇದೆ ಅಂದುಕೊಳ್ಳಿ. ಆ ಎರಡೂ ಸಿಗಬಹುದು, ಜೊತೆಗೆ ಆರೋಗ್ಯವಾಗಿರುವ ಮೂರು ಹಸುವೂ ಪಾಸಿಟಿವ್ ಪಟ್ಟಿಗೆ ಬಂದು ಕೂರುತ್ತವೆ. ಪರದೇಶದಲ್ಲಿ ಪಾಸಿಟಿವ್ ದನವನ್ನು ಕಸಾಯಿಖಾನೆಗೆ ಕಳಿಸುತ್ತಾರೆ, ಅಲ್ಲಿ ಕತ್ತರಿಸಿ ನೋಡಿದಾಗ ಸತ್ಯ ಗೊತ್ತಾಗುತ್ತದೆ. ಕರ್ನಾಟಕದಲ್ಲಿ 2020ರ ಕಾಯ್ದೆಯಂತೆ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ, ರೋಗ ಹರಡದಿರಲೆಂದು ಪಶುವೈದ್ಯರು ಪ್ರಮಾಣಪತ್ರ ಕೊಟ್ಟಂಥ ಕೆಲವು ವಿನಾಯಿತಿಗಳ ಹೊರತು ವಧೆಗೆ ಅವಕಾಶವಿಲ್ಲ. ಪಾಸಿಟಿವ್ ಹಸು ಹೆಚ್ಚಾಗಿ ಕೊಟ್ಟಿಗೆಯಲ್ಲೇ ಉಳಿಯುತ್ತದೆ, ಅನುಮಾನವೂ ಉಳಿಯುತ್ತದೆ. ಹಾಗಾಗಿ ಒಂದೇ ಪರೀಕ್ಷೆಯ ಮೇಲೆ ಹಸುವನ್ನು ರೋಗಿ ಎಂದು ಬರೆಯದೆ, ಚರ್ಮ ಪರೀಕ್ಷೆಯನ್ನೂ ಮಾಡಿಸಿ ಎರಡನ್ನೂ ಎದುರುಬದುರು ಇಟ್ಟು ನೋಡಬೇಕು.

ಸತ್ತ ದನದಿಂದ ಖಚಿತಪಡಿಸಿಕೊಳ್ಳುವ ಅವಕಾಶ ಸಿಕ್ಕರೆ ಬಿಡಬಾರದು. ಗಂಟಲ ಹಿಂದಿನ, ಶ್ವಾಸನಾಳದ, ಎದೆಗೂಡಿನ ನಡುವಿನ ದುಗ್ಧಗ್ರಂಥಿಗಳನ್ನು ತೆಗೆದು ಬೇರೆ ಬೇರೆ ಸ್ಟೆರೈಲ್ ಡಬ್ಬಿಗೆ ಹಾಕಿ. ಎನ್95 ಮಾಸ್ಕ್, ಕೈಗವಸು ಇಲ್ಲದೆ ಕತ್ತಿ ಹಾಕಬೇಡಿ. ಫಾರ್ಮಾಲಿನ್‌ಗೆ ಹಾಕಿದ ತುಂಡು ಸೂಕ್ಷ್ಮದರ್ಶಕಕ್ಕೆ ಆದೀತು, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್‌ಗೆ ಆಗದು, ಎರಡಕ್ಕೂ ಬೇರೆ ತುಂಡು ಇರಲಿ. ಇಲ್ಲಿ ಮಾತ್ರ ಐಸ್ ಬೇಕು. ಐಸ್ ಸಿಗದಿದ್ದರೆ 0.5 ಶೇಕಡಾ ಬೋರಿಕ್ ಆಮ್ಲ ಒಂದು ವಾರದವರೆಗೆ ಕಾಯುತ್ತದೆ. ಕಲ್ಚರ್ ಮಾಡುವ ಲ್ಯಾಬಿಗೆ ಒಂದು ಮಾತು ಕೇಳಿ: ಪೈರುವೇಟ್ ಹಾಕಿದ ಮಾಧ್ಯಮ ಇಟ್ಟಿದ್ದಾರೆಯೇ? ಮನುಷ್ಯರ ಕಫಕ್ಕೆ ಬಳಸುವ ಗ್ಲಿಸರಾಲ್ ಮಾಧ್ಯಮದಲ್ಲಿ ದನದ ಟಿಬಿ ರೋಗಾಣುವಾದ ಬೋವಿಸ್ ಸರಿಯಾಗಿ ಬೆಳೆಯುವುದಿಲ್ಲ, ಗ್ಲಿಸರಾಲನ್ನು ಉಪಯೋಗಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಎಂಟು ವಾರ ಮುಗಿಯುವ ಮುಂಚೆ ‘ಬೆಳವಣಿಗೆ ಇಲ್ಲ’ ಎಂಬ ವರದಿ ಬಂದರೆ ವಾಪಸ್ ಕಳಿಸಿ.

ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ವೇಗವಾಗಿ ಆಗುತ್ತದೆ, ಆದರೆ 25 ಮಿಲಿಗ್ರಾಂ ತುಂಡಿನಿಂದ ಡಿಎನ್‌ಎ ತೆಗೆದರೆ ರೋಗಾಣು ಇರುವ ಜಾಗವೇ ತಪ್ಪಿಹೋಗಬಹುದು, ಗ್ರಂಥಿಯಲ್ಲಿ ಅವು ಅಲ್ಲಲ್ಲಿ ಮಾತ್ರ ಇರುತ್ತವೆ. ಹಲವು ಗ್ರಾಂ ಅರೆದು ಅದರಿಂದ ತೆಗೆಯಬೇಕು. ಐಎಸ್6110 ಎಂಬ ಡಿಎನ್‌ಎ ತುಣುಕು ಒಂದನ್ನೇ ನಂಬಿದ ಪಿಸಿಆರ್‌ಗಿಂತ ಐಎಸ್1081 ಜೊತೆಗಿರುವುದು ಮೇಲು, ಮನುಷ್ಯರ ಟಿಬಿ ರೋಗಾಣುವಿನಲ್ಲಿ ಮೊದಲನೆಯದರ ಪ್ರತಿಗಳು ಹಲವಿದ್ದರೆ ಬೋವಿಸ್‌ನಲ್ಲಿ ಸಾಮಾನ್ಯವಾಗಿ ಒಂದೆರಡು. ಇನ್ನು ಆರ್‌ಡಿ4 ಎಂಬ ಡಿಎನ್‌ಎ ಭಾಗ ಇದ್ದರೆ ಬೋವಿಸ್ ಅಲ್ಲ ಎನ್ನುವ ತೀರ್ಮಾನ ಸರಿ, ಆದರೆ ‘ಹಾಗಾದರೆ ಮನುಷ್ಯರದೇ’ ಎಂದು ಮುಂದುವರಿಯುವುದು ತಪ್ಪು. ಮೈಕೋಬ್ಯಾಕ್ಟೀರಿಯಂ ಒರಿಜಿಸ್ ಎಂಬ ಇನ್ನೊಂದು ರೋಗಾಣು ನಮ್ಮ ದೇಶದ ದನಗಳಲ್ಲಿ ಸಿಕ್ಕಿದೆ, ಅದರಲ್ಲೂ ಆರ್‌ಡಿ4 ಇದೆ. ಆರ್‌ಡಿ9, ಆರ್‌ಡಿ12 ನೋಡದೆ ಬೇರ್ಪಡಿಸಲಾಗದು.

ಪ್ರತಿಕಾಯ ನೋಡುವ ಎಲೈಸಾ ಅಗ್ಗ, ಸೀರಮ್ ಸಾಕು, ರಕ್ತ ಸತ್ತಿದ್ದರೂ ಅಡ್ಡಿಯಿಲ್ಲ. ಹೊಸ ಸೋಂಕನ್ನು ಮಾತ್ರ ಅದು ಬಹಳ ಬಿಟ್ಟುಬಿಡುತ್ತದೆ. ರೋಗ ಬಲಿತು ಚರ್ಮ ಪರೀಕ್ಷೆಗೂ ಗಾಮಾಗೂ ಸ್ಪಂದಿಸದ ಹಳೆಯ ಹಸುವಿಗೆ ಅದು ಉಪಯೋಗ. ಪಿಪಿಡಿ ಚುಚ್ಚಿದ ಎರಡು ಮೂರು ವಾರದ ಮೇಲೆ ರಕ್ತ ತೆಗೆದರೆ ಪ್ರತಿಕಾಯ ಏರಿರುವುದರಿಂದ ಹೆಚ್ಚು ಸಿಗುತ್ತವೆ.

ಯಾರು ಕೊಳ್ಳಬೇಕು? ಭದ್ರಾ ನಾಲೆಯ ಬಯಲಿನಲ್ಲಿ, ಹರಿಹರ–ದಾವಣಗೆರೆ ಸುತ್ತ, ಮೂವತ್ತು ನಲವತ್ತು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ಒಂದೇ ಸೂರಿನಡಿ ಕಟ್ಟುವ ಫಾರ್ಮಿಗೆ ಈ ಪರೀಕ್ಷೆ ಯೋಗ್ಯ. ಮಿಶ್ರತಳಿಗೆ ಟಿಬಿ ಬೇಗ ತಗಲುತ್ತದೆ, ಒತ್ತೊತ್ತಾಗಿ ಕಟ್ಟಿದಲ್ಲಿ ಉಸಿರಿನಿಂದಲೇ ಹರಡುತ್ತದೆ. ಬರದ ವರ್ಷ ಚಿತ್ರದುರ್ಗ ಸೀಮೆಯಲ್ಲಿ ತೆರೆಯುವ ಗೋಶಾಲೆಗಳಿಗೂ ಇದು ಬೇಕು, ಹತ್ತಾರು ಹಳ್ಳಿಯ ದನ ಅಲ್ಲಿ ಒಂದೇ ತೊಟ್ಟಿಯ ನೀರು ಕುಡಿಯುತ್ತವೆ. ಎರಡು ಹಸು ಕಟ್ಟಿದ ಮನೆಗೆ ಕಿಟ್ಟಿನ ಖರ್ಚು ಬೇಡ, ನೆಟ್ಟಗೆ ಮಾಡಿದ ಚರ್ಮ ಪರೀಕ್ಷೆ ಸಾಕು. ಪಾಸಿಟಿವ್ ಬಂದ ಹಸುವನ್ನು ಗಾಳಿ ಹೋಗುವ ಕೊನೆಯ ಅಂಕಣಕ್ಕೆ ಬದಲಿಸಿ, ಬೇರೆ ಬಾನಿ ಇಡಿ, ಉಳಿದ ಹಸುಗಳದ್ದೆಲ್ಲ ಮುಗಿದ ಮೇಲೆ ಅದರ ಹಾಲು ಕರೆಯಿರಿ. ಕರುವಿಗೆ ಅದರ ಹಾಲು ಬಿಡಬೇಡಿ. ಹಾಲು ಕಾಯಿಸಿ ಹೆಪ್ಪು ಹಾಕಿ ಕಡೆದ ಬೆಣ್ಣೆಗೆ ಭಯವಿಲ್ಲ. ಹಸಿ ಹಾಲಿನ ಕೆನೆಯಿಂದ ನೇರವಾಗಿ ತೆಗೆದ ಬೆಣ್ಣೆಯಲ್ಲಿ ರೋಗಾಣು ಉಳಿದಿರಬಹುದು, ಆ ಮನೆಯಲ್ಲಿ ಅದನ್ನು ನಿಲ್ಲಿಸಬೇಕು. ಹಸುವಿನ ಆರೈಕೆ ಮಾಡುವವರಿಗೆ ಎರಡು ವಾರ ದಾಟಿದ ಕೆಮ್ಮು ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೆ ಕೊಡುವಾಗ ‘ಮನೆಯಲ್ಲಿ ಟಿಬಿ ಪಾಸಿಟಿವ್ ಹಸುವಿದೆ’ ಎಂದು ಹೇಳಲೇಬೇಕು. ಬೋವಿಸ್‌ಗೆ ಟಿಬಿಗೆ ಕೊಡುವ ಪೈರಜಿನಮೈಡ್ ಮಾತ್ರೆ ತಾಗುವುದಿಲ್ಲ, ಆ ಒಂದು ಮಾತಿನಿಂದ ವೈದ್ಯರ ಚೀಟಿ ಬದಲಾಗಬಹುದು.